ಕೊನೆಗೂ ಪಿ.11 ನಿಂತಿತು, ನಿಮ್ಮಿಂದ

ನಿನ್ನೆ ರಾತ್ರಿ ಪ್ರೊಪೆಲ್ಲರ್ ಕೂರಿಸಿದೆ. ನನ್ನ ಪಿಝಡ್‌ಎಲ್ ಪಿ.11ಸಿ, ಅಂದರೆ ಹಳೇ ಪೋಲಿಷ್ ಯುದ್ಧವಿಮಾನವೊಂದರ ಪುಟ್ಟ ಮಾದರಿ, ಮುಗಿಯಿತು. 1/72 ಅಳತೆ, ರೆಕ್ಕೆಯ ಈ ತುದಿಯಿಂದ ಆ ತುದಿಗೆ 15 ಸೆಂಟಿಮೀಟರ್. ಅಂಗೈ ಮೇಲೆ ಕೂರುವ ವಿಮಾನಕ್ಕೆ ಏಳು ತಿಂಗಳು ಹಿಡಿಯಿತು, ನಗಬೇಡಿ.

ಜನವರಿಯಲ್ಲಿ ಇಲ್ಲಿ ಕ್ರಾಕೋವ್‌ನಲ್ಲಿ ಹಿಮದ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದು ನಿಮಗೆಲ್ಲ ಗೊತ್ತೇ ಇದೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಶರ್ಟಿನ ಗುಂಡಿ ಹಾಕಲು ಆಗುತ್ತಿರಲಿಲ್ಲ. ಚಮಚ ಹಿಡಿದರೆ ಸಾರು ಮಡಿಲಿಗೆ. ಹಾಗಾಗಿ ಮೊದಲ ಥ್ಯಾಂಕ್ಸ್ ನನ್ನ ಫಿಸಿಯೋಥೆರಪಿಸ್ಟ್‌ಗೆ. ಬೆರಳುಗಳಿಗೆ ದಿನಾ ಏನಾದರೂ ಸಣ್ಣ ಕೆಲಸ ಕೊಡಿ ಎಂದರು. ಬಟಾಣಿ ಬಿಡಿಸುವಂಥದ್ದು ಅವರ ಮನಸ್ಸಿನಲ್ಲಿತ್ತೋ ಏನೋ. ನಾನು ಕಿಟ್ ತಂದೆ.

ಯಾವ ವಿಮಾನ ಎಂದು ಹೇಳಿದವರು ಪಕ್ಕದ ಮನೆಯ ಅಜ್ಜ. ಒಂದು ಭಾನುವಾರ ಇಲ್ಲಿನ ವಿಮಾನ ಮ್ಯೂಸಿಯಂಗೆ ಕರೆದುಕೊಂಡು ಹೋದರು. ಜಗತ್ತಿನಲ್ಲಿ ಉಳಿದಿರುವ ಒಂದೇ ಒಂದು ಪಿ.11 ಅಲ್ಲಿದೆ. ತೆರೆದ ಕಾಕ್‌ಪಿಟ್, ಒಳಗೆ ಮಡಚದ ಚಕ್ರ, ಹಾರುವ ಕೊಕ್ಕರೆಯ ಹಾಗೆ ಬಾಗಿದ ರೆಕ್ಕೆ. ಪೈಲಟ್‌ಗೆ ಮುಂದೆ ಚೆನ್ನಾಗಿ ಕಾಣಲಿ ಎಂದು ರೆಕ್ಕೆಯನ್ನು ಬುಡದಲ್ಲಿ ತೆಳ್ಳಗೆ ಮಾಡಿ ಬಗ್ಗಿಸಿದ್ದು ಜಿಗ್ಮುಂಟ್ ಪುವಾಫ್‌ಸ್ಕಿ. ಪಿ.11 ಹಾರುವ ಮೊದಲೇ, 1931ರ ಮಾರ್ಚ್‌ನಲ್ಲಿ, ತಾನೇ ರೂಪಿಸಿದ ಇನ್ನೊಂದು ವಿಮಾನದಲ್ಲಿ ಬಿದ್ದು ಸತ್ತರು. ವಯಸ್ಸು 29.

ಗಂಟೆಗೆ 400 ಕಿಲೋಮೀಟರ್ ಕೂಡ ದಾಟದ ಈ ವಿಮಾನದಲ್ಲೇ 1939ರ ಸೆಪ್ಟೆಂಬರ್ 1ರ ಬೆಳಗ್ಗೆ, ಜರ್ಮನಿ ಪೋಲೆಂಡ್ ಮೇಲೆ ದಾಳಿ ಮಾಡಿದ ದಿನ, ಪೋಲಿಷ್ ಪೈಲಟ್‌ಗಳಾದ ಮೆಡ್‌ವೆಟ್‌ಸ್ಕಿ ಮತ್ತು ಗ್ನಿಶ್ ಬಾಲಿತ್ಸೆಯಿಂದ ಮೇಲೇರಿದ್ದು. ಮೆಡ್‌ವೆಟ್‌ಸ್ಕಿ ಹಿಂತಿರುಗಲಿಲ್ಲ. ಗ್ನಿಶ್ ಅದೇ ಬೆಳಗ್ಗೆ ಎರಡು ಜರ್ಮನ್ ಬಾಂಬರ್‌ಗಳನ್ನು ಕೆಡವಿದರು. ಬಾಲಿತ್ಸೆ ಅಂದರೆ ನಾವು ಊರಿಗೆ ಹೊರಡುವಾಗ ಲಗೇಜ್ ತೂಗಿಸುತ್ತೇವಲ್ಲ, ಅದೇ ಏರ್‌ಪೋರ್ಟ್! ಆರು ವರ್ಷದಿಂದ ಓಡಾಡುತ್ತಿದ್ದೇನೆ, ಗೊತ್ತೇ ಇರಲಿಲ್ಲ.

ಇನ್ನು ಮನೆಯವರು. ಈ ವಿಮಾನದ ರೆಕ್ಕೆಯ ಮೇಲೆಲ್ಲ ಸಣ್ಣ ಸಣ್ಣ ಉಬ್ಬುಗೆರೆಗಳಿವೆ, ನಿಜವಾದ ವಿಮಾನದಲ್ಲಿ ಇದ್ದ ಹಾಗೆಯೇ. ಅಂಟಿದ ಜಾಗವನ್ನು ನಯ ಮಾಡಲು ಹೋಗಿ ಉಪ್ಪುಕಾಗದ ಸ್ವಲ್ಪ ಜಾಸ್ತಿ ಉಜ್ಜಿದರೆ ಅಳಿಸಿಯೇ ಹೋಗುತ್ತವೆ. ನನ್ನ ಕೈ ನಡುಗುತ್ತಿತ್ತು. ಆ ಕೆಲಸವನ್ನು ಪೂರ್ತಿ ಮಾಡಿದ್ದು ನನ್ನ ಹೆಂಡತಿ, ಆಫೀಸ್ ಕಾಲ್ ನಡುವೆ, ಕ್ಯಾಮೆರಾ ಆಫ್ ಮಾಡಿಕೊಂಡು. ರೆಕ್ಕೆಯ ಕೆಳಗಿನ ಆಧಾರ ಕಡ್ಡಿಗಳು, ಒಂದೊಂದು ಕಡೆ ಎರಡೆರಡು, ಅಂಟು ಒಣಗುವ ತನಕ ಹಿಡಿದು ಕೂತಿದ್ದು ಮಗಳು. ಅಮ್ಮ ಮೈಸೂರಿನಿಂದ ದಿನಾ ವಿಡಿಯೋ ಕಾಲ್‌ನಲ್ಲಿ, “ಇನ್ನೂ ರೆಕ್ಕೆ ಅಂಟಿಲ್ವೇನೋ?” ಅದನ್ನು ಕೇಳಬೇಕಾಗುತ್ತದಲ್ಲಾ ಎಂದೇ ಎಷ್ಟೋ ಸಲ ಮೇಜಿನ ಮುಂದೆ ಕೂತಿದ್ದೇನೆ.

ಕೊನೆಯಲ್ಲಿ ಒಂದು ಎಡವಟ್ಟೂ ಆಯಿತು. ಪೋಲಿಷ್ ವಿಮಾನದ ಗುರುತು ಕೆಂಪು ಬಿಳಿ ಚೌಕಳಿ. ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ, ನೀರಿನಲ್ಲಿ ಜಾರುವಾಗ ಕಾಲು ಸುತ್ತು ತಿರುಗಿದರೂ ಬಣ್ಣ ಅದಲು ಬದಲು. ನಾನು ಅಂಟಿಸಿದ್ದರಲ್ಲಿ ಮೇಲಿನ ಎಡ ಚೌಕ ಬಿಳಿ. ಅಜ್ಜ ಕನ್ನಡಕ ಏರಿಸಿ ನೋಡಿ, ಇದು 1993ರ ನಂತರದ್ದು, 1939ರಲ್ಲಿ ಅಲ್ಲಿ ಕೆಂಪು ಇತ್ತು ಎಂದರು. ಮಾರನೇ ದಿನ ತಮ್ಮ ಹಳೇ ಡಬ್ಬಿಯಿಂದ ಬೇರೆ ಡೆಕಾಲ್ ತಂದುಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಚಕ್ಕುಲಿ ಮಾತ್ರ ತೆಗೆದುಕೊಂಡರು.

ಆಸ್ಪತ್ರೆಗೆ ಅನ್ನ ಸಾರು ತಂದ ಗೆಳೆಯರೇ, ಎಡಗೈಯಲ್ಲಿ ಟೈಪ್ ಮಾಡಿದ ಮೇಲ್‌ಗಳನ್ನು ಸಹಿಸಿದ ಸಹೋದ್ಯೋಗಿಗಳೇ, ನಿಮಗೂ ತುಂಬಾ ಥ್ಯಾಂಕ್ಸ್.

ಎಡ ಚಕ್ರ ಒಂಚೂರು ಓರೆಯಾಗಿದೆ. ಅಜ್ಜ ಅದನ್ನು ನೋಡಿದರು, ನಾನೂ ಅವರು ನೋಡಿದ್ದನ್ನು ನೋಡಿದೆ. ಏನೂ ಹೇಳಲಿಲ್ಲ. ಅದಕ್ಕೂ ಒಂದು ಥ್ಯಾಂಕ್ಸ್.