ಖುಷಿ ಪಡೋಕೆ ಹೆದರ್ಬೇಡ ಮಗಳೇ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಲ್ಲಿ ಕೆಲ್ಸ ಪರ್ಮನೆಂಟ್ ಆಯ್ತು ಅಂದೆ, ಅಂದವಳೇ ಧ್ವನಿ ಸಣ್ಣಗೆ ಮಾಡ್ಕೊಂಡು "ಈಗ್ಲೇ ಯಾರಿಗೂ ಹೇಳ್ಬೇಡಮ್ಮ, ಜಾಸ್ತಿ ಖುಷಿಪಟ್ರೆ ಹಿಂದೇನೇ ಏನಾದ್ರೂ ಕೆಟ್ಟದಾಗುತ್ತೇನೋ ಅನ್ಸುತ್ತೆ" ಅಂದ್ಯಲ್ಲ, ಅದು ನನ್ನ ಮನಸ್ಸಲ್ಲಿ ಕೊರೀತಾನೇ ಇದೆ. ಬಹಳ ನಕ್ರೆ ಅಳ್ಬೇಕಾಗುತ್ತೆ ಅಂತ ನಮ್ಮ ಕಡೆ ಎಲ್ರೂ ಹೇಳ್ತಾರೆ, ನಿಮ್ಮಜ್ಜಿನೂ ಹೇಳೋರು. ಆದ್ರೆ ನಾವು ನಂಬಿರೋ ಯೇಸುಸ್ವಾಮಿ ನಮ್ಮ ನಗು ಲೆಕ್ಕ ಬರ್ಕೊಂಡು ಆಮೇಲೆ ಬಡ್ಡಿ ಸಮೇತ ವಸೂಲಿ ಮಾಡೋ ಸಾಹುಕಾರ ಅಲ್ಲ. ನಾನಂತೂ ಅಕ್ಕಪಕ್ಕದ ಮನೆಗೆಲ್ಲಾ ಮೈಸೂರ್ ಪಾಕ್ ಹಂಚಾಯ್ತು.

ಸ್ವಾಮಿ ಮಾಡಿದ ಮೊದಲನೇ ಅದ್ಭುತ ಯಾವ್ದು ನೋಡು. ಕುಷ್ಠ ವಾಸಿ ಮಾಡಿದ್ದಲ್ಲ, ಸತ್ತೋರನ್ನ ಎಬ್ಬಿಸಿದ್ದಲ್ಲ. ಕಾನಾ ಅನ್ನೋ ಊರಲ್ಲಿ ಮದ್ವೆ ಮನೆ, ದ್ರಾಕ್ಷಾರಸ ಮುಗಿದೋಯ್ತು, ಅದನ್ನ ಸ್ವಾಮಿಯ ತಾಯಿ ಮರಿಯಮ್ಮನವರು ಮಗನಿಗೆ ಹೇಳ್ತಾರೆ (ಬಡಿಸೋ ಮನೇಲಿ ಏನು ಕಮ್ಮಿಯಾಗಿದೆ ಅಂತ ಹೆಂಗಸ್ರಿಗೇ ಮೊದ್ಲು ಕಾಣೋದು). ಅಲ್ಲಿದ್ದ 6 ಕಲ್ಲಿನ ಬಾನಿ, ಒಂದೊಂದೂ ಹೆಚ್ಚುಕಮ್ಮಿ 80ರಿಂದ 120 ಲೀಟರ್ ಹಿಡಿಯೋವು, ಸ್ವಾಮಿ ಅವಕ್ಕೆ ಕಂಠದವರೆಗೂ ನೀರು ತುಂಬಿಸಿ ಅಂದ್ರು, ಅಷ್ಟೂ ದ್ರಾಕ್ಷಾರಸ ಆಯ್ತು, ಅದೂ ಮೊದ್ಲು ಬಡಿಸಿದ್ದಕ್ಕಿಂತ ಒಳ್ಳೇದು. ಒಂದು ಸಣ್ಣ ಊರಿನ ಮದ್ವೆಗೆ ಅಷ್ಟು ಬೇಕಿತ್ತಾ ಹೇಳು? ಸ್ವಾಮಿ ಕೈ ಹಿಡಿದು ಕೊಡೋರಲ್ಲ ಕಣೇ.

ಪುನರುತ್ಥಾನ ಆದ್ಮೇಲೂ ಅಷ್ಟೇ. ಶಿಷ್ಯರು ರಾತ್ರಿಯೆಲ್ಲಾ ಬಲೆ ಬೀಸಿ ಸುಸ್ತಾಗಿದ್ರೆ ಸ್ವಾಮಿ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಕೊಂಡು, ಬನ್ನಿ ತಿಂಡಿ ತಿನ್ನಿ ಅಂತ ಕರೀತಾರೆ. ಸಾವನ್ನೇ ಗೆದ್ದು ಬಂದವರು ಹಸಿದೋರಿಗೆ ತಿಂಡಿ ಮಾಡ್ಕೊಂಡು ಕಾಯ್ತಿದ್ರು ಅಂತ ಓದಿದಾಗೆಲ್ಲಾ ನಂಗೆ ಕಣ್ಣು ತುಂಬುತ್ತೆ.

ಈಗ ಅವರೆಕಾಯಿ ಕಾಲ. ನಿನ್ನೆ ನೆನೆಸಿದ ಕಾಳು ಹಿತುಕ್ತಾ ಕೂತಿದ್ದೆ, ಹೆಬ್ಬೆರಳಲ್ಲಿ ಒತ್ತಿದ್ರೆ ಸಿಪ್ಪೆಯಿಂದ ಬೇಳೆ ಪುಳಕ್ಕಂತ ಜಾರಿ ತಟ್ಟೆಗೆ ಬೀಳುತ್ತೆ, ಒಂದೊಂದ್ಸಲ ಹಾರಿ ನಿಮ್ಮಪ್ಪನ ಪೇಪರ್ ಮೇಲೆ, ಕೈಯೆಲ್ಲಾ ಸೊಗಡು. ಬೆಳಗಿನ ಪ್ರಾರ್ಥನೆ ಅರ್ಧ ಅಲ್ಲೇ ಆಗೋಯ್ತು, ಆ ವಾಸನೆಗೆ ಥ್ಯಾಂಕ್ಸ್ ಹೇಳೋದ್ರಲ್ಲೇ.

ಕಷ್ಟ ಬರಲ್ಲ ಅಂತ ನಾನು ಹೇಳ್ತಿಲ್ಲ. ನಿಮ್ಮಪ್ಪಂಗೆ ಆಪರೇಷನ್ ಆದ ವರ್ಷ ನಾವೇನು ಜಾಸ್ತಿ ನಕ್ಕಿದ್ವಾ? ಇಲ್ವಲ್ಲ, ಆದ್ರೂ ಬಂತು. ಆಮೇಲೆ ವಾರ್ಡಲ್ಲಿ ಮೊದಲನೇ ಸಲ ಇಡ್ಲಿ ತಿನ್ನೋಕೆ ಬಿಟ್ಟಾಗ ಅವ್ರು ಕಣ್ಮುಚ್ಕೊಂಡು ಚಪ್ಪರಿಸಿ ತಿಂದ್ರಲ್ಲ, ಆ ಖುಷಿನೂ ಸ್ವಾಮಿ ಕೊಟ್ಟಿದ್ದೇ. ಸಂತ ಪೌಲರು ಫಿಲಿಪ್ಪಿ ಅನ್ನೋ ಊರಿನ ಕ್ರೈಸ್ತರಿಗೆ ಯಾವಾಗ್ಲೂ ಆನಂದವಾಗಿರಿ ಅಂತ ಬರೆದಿದ್ದು ಸೆರೆಮನೆಯಿಂದ. ಕ್ರಿಸ್ಮಸ್‌ಗೆ ಕಾಯೋ ಆಗಮನ ಕಾಲದ ಮೂರನೇ ಭಾನುವಾರಕ್ಕೆ ಸಂತೋಷದ ಭಾನುವಾರ ಅಂತಾನೇ ಹೆಸರು, ನೇರಳೆ ಬಿಟ್ಟು ಅವತ್ತು ಗುಲಾಬಿ ಬಣ್ಣದ ಮೇಣದಬತ್ತಿ ಹಚ್ತಾರೆ. ಕಾಯೋ ಕಾಲದಲ್ಲೂ ಧರ್ಮಸಭೆ ನಮ್ಗೆ ಖುಷಿಪಡಿ ಅಂತ ಹೇಳುತ್ತೆ, ನೀನ್ಯಾಕೆ ಬೇಡ ಅಂತೀಯ?

ಡಿಸೆಂಬರ್ 24ಕ್ಕೆ ಮಧ್ಯಾಹ್ನದೊಳಗೆ ಬಂದ್ಬಿಡು, ಟ್ರೈನ್ ಈಗ್ಲೇ ಬುಕ್ ಮಾಡು, ಫಿಲೋಮಿನಾ ಚರ್ಚಲ್ಲಿ ರಾತ್ರಿ ಪೂಜೆಗೆ ಲೇಟಾದ್ರೆ ಕೂರೋಕೆ ಜಾಗ ಸಿಗಲ್ಲ. ಕ್ರಿಸ್ಮಸ್ ತಿಂಡಿ ಕಲ್ಕಲ್‌ಗೆ ಹಿಟ್ಟು ನೀನು ಬಂದ್ಮೇಲೇನೇ ಕಲಸ್ತೀನಿ.

ನಿನ್ನ ಅಮ್ಮ