ಜೀಪಿಗೆ ಲಿಫ್ಟ್ ಹಾಕಿಸುವ ಮುಂಚೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಲಿಫ್ಟ್ ಮಾಡಿಸಿದ, ಅಂದರೆ ಸ್ಪ್ರಿಂಗ್ ಬದಲಿಸಿಯೋ ಸ್ಪೇಸರ್ ಇಡಿಸಿಯೋ ಎತ್ತರಿಸಿದ, ಥಾರ್‌ಗಳ ಫೋಟೋ ಬಂದಿದ್ದವು. ನೋಡಲು ಚೆಂದ. ಆದರೆ ಎಷ್ಟು ಇಂಚು ಏರಿಸಿದ್ದಾರೆ ಅನ್ನೋದು ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ತೋಟದ ದಾರಿಯಲ್ಲಿ ದಿನಾ ಜೀಪ್ ಓಡಿಸುವವನು ನಾನು, ಒಂದೆರಡು ಮಾತು ಸೇರಿಸುತ್ತೇನೆ.

ನಮ್ಮ ದಾರಿಗಳಲ್ಲಿ ಕಲ್ಲಿಗೆ ಬಡಿಯುವುದು ಸಾಮಾನ್ಯವಾಗಿ ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್ ಹೌಸಿಂಗ್, ಅಂದರೆ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಗುಂಡು ಪೆಟ್ಟಿಗೆ. ಎಷ್ಟೇ ಉದ್ದದ ಸ್ಪ್ರಿಂಗ್ ಹಾಕಿಸಿ, ಚಾಸಿಸ್ಸು, ಬಾಡಿ ಮೇಲೇಳುತ್ತವೆ. ಹೌಸಿಂಗ್ ಚಕ್ರದ ನಡುಮಧ್ಯದ ಮಟ್ಟಕ್ಕೆ ಕೂತಿರುವುದರಿಂದ ಇದ್ದಲ್ಲೇ ಇರುತ್ತದೆ. ಅದು ಏಳಬೇಕಾದರೆ ಟೈರ್ ದೊಡ್ಡದಾಗಬೇಕು. ಒಂದು ಇಂಚು ದೊಡ್ಡ ಟೈರ್ ಹಾಕಿದರೂ ಸಿಗುವುದು ಅರ್ಧ ಇಂಚು. ಆ ಟೈರ್ ಮಡ್‌ಗಾರ್ಡಿಗೆ ಉಜ್ಜದ ಹಾಗೆ, ಗಾಡಿಯ ಹೊಟ್ಟೆ ದಿಣ್ಣೆಗೆ ತಾಗದ ಹಾಗೆ ಮಾಡುವುದಕ್ಕೆ ಲಿಫ್ಟ್ ಬೇಕು, ಅಷ್ಟೇ.

ಹಳೇ ಜಿಪ್ಸಿಗೆ ಹಿಂದೆ ಮುಂದೆ ಎರಡೂ ಕಡೆ ಎರಡು ಚಕ್ರಗಳನ್ನೂ ಜೋಡಿಸುವ ಒಂದೇ ಗಟ್ಟಿ ಆಕ್ಸಲ್, ಪ್ಲೇಟ್ ಸ್ಪ್ರಿಂಗ್. ಏರಿಸುವುದು ಸುಲಭ. 2020ರಲ್ಲಿ ಬಂದ ಥಾರ್‌ಗೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಒಂದೊಂದು ಚಕ್ರವೂ ಬೇರೆಬೇರೆಯಾಗಿ ಏರಿಳಿಯುತ್ತದೆ. ಜಾಸ್ತಿ ಏರಿಸಿದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಓರೆಯಾಗಿಯೇ ತಿರುಗಬೇಕಾಗುತ್ತದೆ. ಪಕ್ಕದ ತೋಟದ ಹುಡುಗ ಸುಮ್ನೆ ಸ್ಪೇಸರ್ (ಗಾಡಿ ಎತ್ತರಿಸಲು ಸ್ಪ್ರಿಂಗಿಗೆ ಸೇರಿಸುವ ತುಂಡು) ಇಡಿಸಿಕೊಂಡು ಬಂದ. ಮಳೆಗಾಲ ಮುಗಿಯುವುದರೊಳಗೆ ಶಾಫ್ಟಿನ ರಬ್ಬರ್ ಬೂಟ್ ಹರಿದು, ಕೆಸರು ಒಳಗೆ ಹೋಗಿ, ಪ್ರತಿ ತಿರುವಿನಲ್ಲೂ ಕಟಕಟ ಸದ್ದು. ಗ್ಯಾರೇಜಿನವರು ‘ಇದೆಲ್ಲ ಮಾಮೂಲಿ’ ಅಂದರಂತೆ. ಅವನ ಅಜ್ಜಿಗೆ ಈಗ ಗಾಡಿ ಹತ್ತಲು ಸ್ಟೂಲ್ ಬೇಕು!

ಕಾಫಿ ಚೀಲ ಹೇರಿದಾಗ ಹಿಂಭಾಗ ಕೂರುತ್ತದೆ ಎಂದು ಲಿಫ್ಟ್ ಹಾಕಿಸುವವರೂ ಇದ್ದಾರೆ. ಅವರಿಗೆ ಹೊರೆಗೆ ತಕ್ಕ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಸಾಕು. ಅದೇ ಗಟ್ಟಿ ಸ್ಪ್ರಿಂಗನ್ನು ಖಾಲಿ ಓಡುವ ಗಾಡಿಗೆ ಹಾಕಿದರೆ ಕೂತವರ ಸೊಂಟ ಹೋಗುತ್ತದೆ. ಅಂಗಡಿಯಲ್ಲಿ ಇಂಚಿನ ಲೆಕ್ಕ ಕೇಳುವ ಮುಂಚೆ, ದಿನಾ ಎಷ್ಟು ಭಾರ ಹೊರುತ್ತೀರಿ ಎಂದು ಹೇಳಿ. ಎರಡು ಇಂಚು ದಾಟಿದರೆ ಬ್ರೇಕ್ ಹೋಸ್, ಅಲೈನ್‌ಮೆಂಟ್, ಹೆಡ್‌ಲೈಟ್ ಎಲ್ಲವನ್ನೂ ನೋಡಿಸಬೇಕು. ಎತ್ತರದ ಗಾಡಿ ಚಾರ್ಮಾಡಿಯ ತಿರುವುಗಳಲ್ಲಿ ಹೆಚ್ಚು ವಾಲುತ್ತದೆ, ಅದೂ ನೆನಪಿರಲಿ.

ಇನ್ನು ಕಾನೂನು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿ ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಆದರೂ ಕಿಟ್‌ಗಳು ರಾಜಾರೋಷವಾಗಿ ಮಾರಾಟವಾಗುತ್ತಿವೆ, ಅಲ್ವಾ? ಯಾವ ಬದಲಾವಣೆಗೆ ಅನುಮತಿ ಸಿಗುತ್ತದೆ, ಯಾವುದಕ್ಕೆ ಇಲ್ಲ, ಅಪಘಾತವಾದರೆ ವಿಮೆಯವರು ಏನು ಹೇಳುತ್ತಾರೆ ಎಂದು ಆರ್‌ಟಿಒ ಅಧಿಕಾರಿಗಳನ್ನೇ ಕೇಳಿ ನಿಮ್ಮ ಪುಟದಲ್ಲಿ ಬರೆಯಿರಿ. ಮುಂಗಾರಿಗೆ ಮೊದಲೇ ಬಂದರೆ ಒಳ್ಳೆಯದು. ಹುಡುಗರು ಲಿಫ್ಟ್ ಹಾಕಿಸುವುದು ಆಗಲೇ.

— ಕಾಫಿ ಬೆಳೆಗಾರ, ಮೂಡಿಗೆರೆ