ಬಾಕ್ಸಿನ ಮೇಲಿನ ಕಿಲೋ ಓಮ್ ನೋಡಿ ಪಿಕಪ್ ತಗೊಳ್ಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರದ ಯುವ ಪುರವಣಿಯಲ್ಲಿ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ (ಗಿಟಾರ್ ತಂತಿಯ ಕಂಪನವನ್ನು ಕರೆಂಟ್ ಸಿಗ್ನಲ್ ಮಾಡುವ, ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿದ ಭಾಗ) ಬದಲಾಯಿಸುವ ಬಗ್ಗೆ ಅರ್ಧ ಪುಟ ಬಂದದ್ದು ನೋಡಿ ನಂಗೆ ಆಶ್ಚರ್ಯವೇ ಆಯ್ತು. ಕಾಸರಗೋಡಿನ ಸುದ್ದಿ ಅಂದ್ರೆ ಅಡಿಕೆ ರೇಟು, ಬ್ರಹ್ಮಕಲಶ, ಕನ್ನಡ ಶಾಲೆಗೆ ಮಲಯಾಳ ಟೀಚರು, ಇದರ ನಡುವೆ ಹಂಬಕರ್ ಅನ್ನುವ ಎರಡು ಕಾಯಿಲಿನ (ತಂತಿ ಸುರುಳಿಯ) ಪಿಕಪ್! ಖುಷಿಯೂ ಆಯ್ತು ಮಾರಾಯ್ರೆ. ಆದ್ರೆ ಅದರಲ್ಲಿ ಮೆಟಲ್ ಅನ್ನುವ ಜೋರು ರಾಕ್ ಸಂಗೀತ ನುಡಿಸುವವರು ಹೆಚ್ಚು ಕಿಲೋ ಓಮ್ ಇರುವ ಪಿಕಪ್ಪನ್ನೇ ಹಾಕ್ಬೇಕು, ಓಮ್ ಜಾಸ್ತಿ ಅಂದ್ರೆ ಪವರ್ ಜಾಸ್ತಿ ಅಂತ ಬರ್ದದ್ದು ಓದಿ ಸುಮ್ಮನೆ ಕೂರ್ಲಿಕ್ಕೆ ಆಗ್ಲಿಲ್ಲ, ಯಾಕಂದ್ರೆ ಅದೇ ಮಾತನ್ನು ನಂಬಿ ದುಡ್ಡು ಕಳ್ಕೊಂಡವ ನಾನು.

ನಂದು ಬದಿಯಡ್ಕದ ಹತ್ತಿರ ಒಂದು ತೋಟದ ಮನೆ. ಹಗಲಿಗೆ ಅಡಿಕೆ, ರಾತ್ರಿ ಗಿಟಾರಿನ ಡಿಸ್ಟೋರ್ಶನ್, ಅಂದ್ರೆ ಒರಟು ಸದ್ದು. 2011ರಲ್ಲಿ ಬೆಂಗಳೂರಿಗೆ ಮೆಟಾಲಿಕಾ ಬ್ಯಾಂಡ್ ಬಂದಾಗ ಅರಮನೆ ಮೈದಾನದಲ್ಲಿ ಕೆಸರಿನಲ್ಲಿ ನಿಂತು ಕೇಳಿ ಬಂದವ, ಬಂದ ಮೇಲೆ ನನ್ನ ಗಿಟಾರಿನ ಸೌಂಡು ನಂಗೇ ಬೇಸರ. ಪಿಕಪ್ ಚೇಂಜ್ ಮಾಡಿದ್ರೆ ಆಯ್ತು ಅಂತ ಒಬ್ರು ಹೇಳಿದ್ರು, ಅಂಗಡಿಯವರು ಹದಿನಾರು ಚಿಲ್ಲರೆ ಕಿಲೋ ಓಮ್ ಅಂತ ಬರೆದಿದ್ದ ಒಂದನ್ನು ಕೈಗೆ ಕೊಟ್ರು, ತಂದು ಹಾಕಿದೆ. ಜೋರು ಏನೋ ಆಯ್ತು, ಆದ್ರೆ ಮಂದ್ರದ ಎರಡು ದಪ್ಪ ತಂತಿಯಲ್ಲಿ ಪಾಮ್ ಮ್ಯೂಟ್ ಮಾಡಿದ್ರೆ (ಅಂಗೈಯ ಬದಿಯಿಂದ ತಂತಿ ಒತ್ತಿ ನುಡಿಸಿದ್ರೆ) ಗದ್ದೆಯ ಕೆಸರಲ್ಲಿ ಕಾಲು ಹಾಕಿದ ಹಾಗೆ ಪಚ ಪಚ. ನನ್ನ ಗಿಟಾರ್ ಮೊದಲೇ ಮಂದ ಸ್ವರದ್ದು, ಅದಕ್ಕೆ ಇನ್ನೂ ಮಂದದ್ದನ್ನು ತಂದು ಕೂರಿಸಿದ್ದೆ.

ಓಮ್ ಅಂದ್ರೆ ಎಂತ? ತಾಮ್ರದ ತಂತಿಯ ತಡೆ, ಅಷ್ಟೇ. ಸುತ್ತು ಜಾಸ್ತಿ ಆದ್ರೂ ಏರ್ತದೆ, ಸುತ್ತು ಅಷ್ಟೇ ಇಟ್ಟು ತಂತಿ ಸಪೂರ ಮಾಡಿದ್ರೂ ಏರ್ತದೆ, ಒಳಗೆ ಯಾವ ಅಯಸ್ಕಾಂತ ಉಂಟು ಅಂತ ಆ ಮೀಟರಿಗೆ ಗೊತ್ತೇ ಆಗುದಿಲ್ಲ. ಡಿಮಾರ್ಜಿಯೋ ಸೂಪರ್ ಡಿಸ್ಟೋರ್ಶನ್, 1972ರಲ್ಲಿ ಬಂದದ್ದು, ಬದಲಿ ಪಿಕಪ್ ಅನ್ನುವ ವ್ಯಾಪಾರವೇ ಅಲ್ಲಿಂದ ಶುರುವಾದದ್ದು ಅಂತ ಹೇಳ್ಬಹುದು, ಅದು 13 ಕಿಲೋ ಓಮಿನ ಆಸುಪಾಸು. ಸೆಮೋರ್ ಡಂಕನ್ ಜೆಬಿ 16ರ ಆಸುಪಾಸು. ಹಾಗಂತ ಎರಡನ್ನೂ ಕೇಳಿದ ಯಾರೂ ಸೂಪರ್ ಡಿಸ್ಟೋರ್ಶನ್ ಸಣ್ಣದು ಅಂತ ಹೇಳ್ಲಿಕ್ಕಿಲ್ಲ, ಅದರಲ್ಲಿ ಸೆರಾಮಿಕ್ ಮ್ಯಾಗ್ನೆಟ್, ಜೆಬಿಯಲ್ಲಿ ಆಲ್ನಿಕೋ 5 ಅನ್ನುವ ಮಿಶ್ರಲೋಹದ್ದು. ಇನ್ನೊಂದು ತಮಾಷೆ ಕೇಳಿ, ತಾಮ್ರದ ತಡೆ ಒಂದು ಡಿಗ್ರಿ ಸೆಕೆ ಏರಿದ್ರೆ ಶೇಕಡಾ 0.4ರ ಹತ್ತಿರ ಏರ್ತದೆ, ಎಸಿ ಹಾಕಿದ ಅಂಗಡಿಯಲ್ಲಿ 16 ತೋರಿಸಿದ್ದು ಏಪ್ರಿಲ್ ಮಧ್ಯಾಹ್ನ ನಮ್ಮ ಹಂಚಿನ ಮಾಡಿನ ಅಟ್ಟದಲ್ಲಿ 10 ಡಿಗ್ರಿ ಜಾಸ್ತಿ ಇರುವಾಗ 16.6 ತೋರಿಸ್ತದೆ. ಸೆಕೆಗೆ ಗಿಟಾರ್ ಜೋರಾಗ್ತದಾ?

ಮ್ಯಾಗ್ನೆಟ್ ವ್ಯತ್ಯಾಸವನ್ನು ನಮ್ಮವರಿಗೆ ಹೇಳುದು ಸುಲಭ. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ರಾತ್ರಿ ಎಲ್ಲಿಯೋ ಯಕ್ಷಗಾನದ ಆಟ ಉಂಟು ಅಂತಾದ್ರೆ ದೂರಕ್ಕೆ ಮೊದಲು ಕೇಳುದು ಚೆಂಡೆ, ಹತ್ತಿರ ಹೋದ ಮೇಲೆ ಮದ್ದಳೆಯ ನಾದ. ಸೆರಾಮಿಕ್ ಚೆಂಡೆಯ ಜಾತಿ, ಹೊಡೆದದ್ದು ಕೂಡ್ಲೇ ಎದುರಿಗೆ ಬರ್ತದೆ, ಕೆಳಗಿನ ಸ್ವರ ಬಿಗಿ. ಆಲ್ನಿಕೋ 2 ಮದ್ದಳೆ, ಮೆತ್ತಗೆ. ಆಲ್ನಿಕೋ 5 ನಡುವಿನದ್ದು. ಸುತ್ತಿದ ರೀತಿಯೂ ಸೇರ್ತದೆ, ಮ್ಯಾಗ್ನೆಟ್ ಒಂದೇ ಎಲ್ಲ ಅಲ್ಲ, ಆದ್ರೆ ಮಂದ ಸ್ವರದ ಗಿಟಾರಿಗೆ ಸೆರಾಮಿಕ್, ಕಿರಿಚುವ ಗಿಟಾರಿಗೆ ಆಲ್ನಿಕೋ ಅಂತ ಹೊರಟ್ರೆ ಅರ್ಧ ದಾರಿ ಸರಿ ಆಗ್ತದೆ. ನಿಮ್ಮ ಗಿಟಾರಲ್ಲಿ ಎಂತ ಕಮ್ಮಿ ಉಂಟು ಅಂತ ಮೊದಲು ಬಾಯಲ್ಲಿ ಹೇಳ್ಲಿಕ್ಕೆ ಬರ್ಬೇಕು, ಅದು ಬಾರದವ ಬಾಕ್ಸಿನ ನಂಬರ್ ಓದ್ತಾನೆ. ಈಗಿನ ಆಂಪ್ಲಿಫೈಯರಲ್ಲಿ, ಫೋನಿನ ಆ್ಯಪಲ್ಲಿ ಸಹ ಸಿಗ್ನಲ್ ಏರಿಸುವ ಗೇನ್ ಬೇಕಾದಷ್ಟು ಇರ್ತದೆ, ಹಳೆ ಕಾಲದ ಹಾಗೆ ಪಿಕಪ್ಪೇ ಆಂಪನ್ನು ತಳ್ಳಬೇಕಾಗಿಲ್ಲ. ಅಷ್ಟಕ್ಕೂ ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ, ಮೆಟಲಿನ ಮೂಲಪುರುಷ ಅಂತ ಎಲ್ರೂ ಒಪ್ಪುವ ಮನುಷ್ಯ, ಬ್ಯಾಂಡಿನ ಶುರುವಿನ ಕಾಲದಲ್ಲಿ ನುಡಿಸಿದ ಗಿಬ್ಸನ್ ಎಸ್‌ಜಿ ಗಿಟಾರಲ್ಲಿ ಇದ್ದದ್ದು ಪಿ-90 ಪಿಕಪ್, ಅದು ಹಂಬಕರೇ ಅಲ್ಲ, ಒಂದೇ ಸುರುಳಿಯ ಸಿಂಗಲ್ ಕಾಯಿಲ್!

ಪುರವಣಿಯವರು ಬರೆಯದೆ ಬಿಟ್ಟ ಇನ್ನೊಂದು ಸಂಗತಿ, ದುಡ್ಡು ಖರ್ಚು ಮಾಡುವ ಮೊದಲು ಒಂದು ಸ್ಕ್ರೂಡ್ರೈವರ್ ತಗೊಳ್ಳಿ. ಕೊನೆಯ ಫ್ರೆಟ್ಟಲ್ಲಿ (ಗಿಟಾರಿನ ಕುತ್ತಿಗೆಯ ಮೇಲಿನ ಕೊನೆಯ ಲೋಹದ ಪಟ್ಟಿಯಲ್ಲಿ) ತಂತಿ ಒತ್ತಿ ಹಿಡಿದು ಪಿಕಪ್ಪಿಗೂ ತಂತಿಗೂ ಎಷ್ಟು ಅಂತರ ನೋಡಿ, ಸಪೂರ ತಂತಿ ಬದಿಗೆ ಸುಮಾರು 2 ಮಿಲಿಮೀಟರ್, ದಪ್ಪ ತಂತಿ ಬದಿಗೆ ಸ್ವಲ್ಪ ಜಾಸ್ತಿ, ಅಲ್ಲಿಂದ ಶುರು ಮಾಡಿ ಕಿವಿಗೆ ಸರಿಯಾಗುವವರೆಗೆ ಏರಿಸಿ ಇಳಿಸಿ. ತೀರಾ ಹತ್ತಿರ ತಂದ್ರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ಅಲ್ಲಾಡ್ತದೆ. ತಂತಿ ಸಹ ಹೊಸತು ಹಾಕಿ, ನಮ್ಮ ಕರಾವಳಿಯ ಉಪ್ಪು ಗಾಳಿಗೆ, ಜುಲೈ ತಿಂಗಳ ಮಳೆಗೆ ತಂತಿ ತುಕ್ಕು ಹಿಡಿದು ಮಂಕಾಗಿರುದನ್ನು ಪಿಕಪ್ಪಿನ ತಪ್ಪು ಅಂತ ತಿಳ್ಕೊಂಡವರು ಎಷ್ಟೋ ಮಂದಿ.

ಗುಂಯ್ ಅನ್ನುವ ಶಬ್ದ, ಅಂದ್ರೆ ಹಮ್, ಹೋಗ್ಲಿಕ್ಕೆ ಹಂಬಕರ್ ಹಾಕ್ತೇನೆ ಅನ್ನುವವರಿಗೂ ಒಂದು ಮಾತು. ಗಿಬ್ಸನ್ ಕಂಪೆನಿಯ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯ ಸರಳ, ಎರಡು ಕಾಯಿಲ್, ಒಂದರ ಸುತ್ತು ಇನ್ನೊಂದಕ್ಕೆ ಉಲ್ಟಾ, ಅಯಸ್ಕಾಂತದ ಮುಖವೂ ಉಲ್ಟಾ, ಹೊರಗಿನಿಂದ ಬಂದ ಹಮ್ ಒಂದಕ್ಕೊಂದು ಹೊಡೆದು ಸಾಯ್ತದೆ, ತಂತಿಯ ಸ್ವರ ಮಾತ್ರ ಕೂಡಿ ಬರ್ತದೆ. ಆದ್ರೆ ಅದು ಟ್ರಾನ್ಸ್‌ಫಾರ್ಮರ್, ಮೋಟರು ಇಂತದ್ದರಿಂದ ಬರುವ ಹಮ್ಮಿಗೆ ಮದ್ದು. ಹಳೇ ಮನೆಯ ವೈರಿಂಗಲ್ಲಿ ಅರ್ತಿಂಗ್ ಸರಿ ಇಲ್ಲದಿದ್ರೆ ಯಾವ ಹಂಬಕರ್ ಹಾಕಿದ್ರೂ ಝೀ ಅಂತದೆ. ನಮ್ಮಲ್ಲಿ ಅರ್ತಿಂಗಿನ ಗುಂಡಿ ಒಣಗಿ ಹೋಗಿತ್ತು, ಇದ್ದಿಲು ಉಪ್ಪು ಹಾಕಿ ನೀರು ಬಿಟ್ಟ ಮೇಲೆ ಅರ್ಧ ಸದ್ದು ಕಮ್ಮಿ, ಪಿಕಪ್ಪಿಗೆ ಕೊಟ್ಟ ದುಡ್ಡಿನ ಹತ್ತನೇ ಒಂದು ಪಾಲೂ ಬೇಕಾಗ್ಲಿಲ್ಲ.

ಆ್ಯಕ್ಟಿವ್, ಅಂದ್ರೆ ಬ್ಯಾಟರಿಯಲ್ಲಿ ನಡೆಯುವ ಪಿಕಪ್, ಬೇಕು ಅನ್ನುವವರಿಗೆ ಇಎಂಜಿ 81 ಉಂಟಲ್ಲ, ಬಿಗಿ ಸ್ವರ, ಸದ್ದೂ ಕಮ್ಮಿ, ನಂಗೆ ಇಷ್ಟವೇ. ಆದ್ರೆ ಅದಕ್ಕೆ 9 ವೋಲ್ಟಿನ ಬ್ಯಾಟರಿಗೆ ಒಳಗೆ ಜಾಗ ಬೇಕು, ಪಾಟ್ (ವಾಲ್ಯೂಮ್ ತಿರುಗಿಸುವ ಭಾಗ) 25 ಕಿಲೋ ಓಮಿನದ್ದು ಬೇಕು, ಸಾಮಾನ್ಯ ಹಂಬಕರಿಗೆ ಹಾಕುವ 500 ಅಲ್ಲ, ಜ್ಯಾಕ್ ಸಹ ಸ್ಟೀರಿಯೋ. ನುಡಿಸಿ ಆದ್ಮೇಲೆ ಕೇಬಲ್ ಎಳೆಯದೆ ಇಟ್ರೆ ಬ್ಯಾಟರಿ ಇಳೀತಾ ಇರ್ತದೆ, ಪ್ರೋಗ್ರಾಮಿನ ದಿನ ರಾತ್ರಿ ಎಂಟು ಗಂಟೆಗೆ ಬದಿಯಡ್ಕದಲ್ಲಿ 9 ವೋಲ್ಟ್ ಬ್ಯಾಟರಿ ಹುಡುಕಿದವನಿಗೆ ಮಾತ್ರ ಗೊತ್ತು ಆ ಕಷ್ಟ. ಅಳತೆಯೂ ನೋಡ್ಕೊಳ್ಳಿ, ಹಳೇ ಗಿಬ್ಸನ್ ಲೆಕ್ಕದಲ್ಲಿ ಪಿಕಪ್ಪಲ್ಲಿ ಮೊದಲ ತಂತಿಯ ಕೆಳಗಿನ ಲೋಹದ ಕಂಬದಿಂದ ಆರನೆಯದಕ್ಕೆ 49 ಮಿಲಿಮೀಟರ್ ಚಿಲ್ಲರೆ, ತಂತಿ ಹಿಡಿಯುವ ಸೇತುವೆ ಫ್ಲಾಯ್ಡ್ ರೋಸ್ ಜಾತಿಯದ್ದು ಇದ್ರೆ 53ರ ಹತ್ತಿರದ್ದು ಬೇಕು.

ಇನ್ನು ನನ್ನ ದೊಡ್ಡ ತಕರಾರು ನೀವು ಹಾಕಿದ ವೈರಿಂಗ್ ಚಿತ್ರದ್ದು. ಮೊದಲಿನದ್ದು ಕೈ ಕೊಟ್ಟ ಮೇಲೆ ನಾನು ಡಿಮಾರ್ಜಿಯೋ ಒಂದನ್ನು ತರಿಸಿದೆ, ಬೆಸುಗೆ ಹಾಕುವಾಗ ಕಣ್ಣೆದುರಿಗೆ ಇಟ್ಟುಕೊಂಡದ್ದು ಡಂಕನ್ ಚಿತ್ರ, ನಾಲ್ಕು ವೈರ್ ಎಲ್ಲ ಒಂದೇ ಅಂತ ಲೆಕ್ಕ. ಡಂಕನಲ್ಲಿ ಕಪ್ಪು ಸಿಗ್ನಲ್, ಕೆಂಪು ಬಿಳಿ ಒಟ್ಟಿಗೆ. ಡಿಮಾರ್ಜಿಯೋದಲ್ಲಿ ಕೆಂಪು ಸಿಗ್ನಲ್, ಕಪ್ಪು ಬಿಳಿ ಒಟ್ಟಿಗೆ. ಎರಡರಲ್ಲೂ ಹಸಿರು ಗ್ರೌಂಡಿಗೆ, ಅದೊಂದೇ ಸಮಾ. ಹಾಗೆ ಒಂದು ಕಾಯಿಲ್ ಉಲ್ಟಾ ಆಗಿ ಸ್ವರ ಹಳೇ ರೇಡಿಯೋದ ಹಾಗೆ ತೆಳು, ಹಮ್ ಮಾತ್ರ ಡಬಲ್. ಹಮ್ ಕೊಲ್ಲುವ ಪಿಕಪ್ಪಿನಿಂದ ಹಮ್ ಜಾಸ್ತಿ ಮಾಡಿದ ಬುದ್ಧಿವಂತ ನಾನು, ಎರಡು ವಾರ ಪಿಕಪ್ಪೇ ಹಾಳು ಅಂತ ಬೈದೆ.

ನಿಮ್ಮ ಚಿತ್ರದಲ್ಲಿ ಕಂಪೆನಿಯ ಹೆಸರೇ ಇಲ್ಲ. ಬರೀ ಕೆಂಪು, ಕಪ್ಪು, ಬಿಳಿ, ಹಸಿರು ಅಂತ ಬಾಣದ ಗುರುತು. ನೋಡಿ ಬೆಸುಗೆ ಹಾಕುವ ಮಕ್ಕಳು ಈ ಕಡೆ ಇದ್ದಾರೆ, ಹಾಗಾಗಿ ಮುಂದಿನ ವಾರ ಯಾವ ಕಂಪೆನಿಯದ್ದು ಅಂತ ಒಂದು ತಿದ್ದುಪಡಿ ಹಾಕಿ, ಸಾಧ್ಯ ಆದ್ರೆ ಕಲರಲ್ಲಿ ಹಾಕಿ ಸ್ವಾಮಿ, ನಮ್ಮಲ್ಲಿಗೆ ಬಂದ ಪ್ರತಿಯಲ್ಲಿ ಆ ಪುಟ ಕಪ್ಪು ಬಿಳುಪು.

ಇತಿ,
ಬದಿಯಡ್ಕ ಕಡೆಯ ಒಬ್ಬ ಓದುಗ